ಮುತ್ತಿನೊಳಗೆ ಹುಳು ಹುಡುಕಿದ ಸಾಹೇಬರು

ಕಣಕಟ್ಟೆಗೆ ಕಡಲು ಬಲು ದೂರ. ಆದರೂ ಮದುವೆ ಬಂತೆಂದರೆ ಮುತ್ತಿನ ಸರ ಬೇಕು, ಅರಸೀಕೆರೆ ಬಸ್ಸು ಹತ್ತಬೇಕು. ಸ್ವಾತಿ ಮಳೆ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತೆ ಅನ್ನೋದು ಹಳಬರ ಮಾತು. ಹನಿಯಲ್ಲ, ಹುಳು ಅಂದವರು ಜೇಮ್ಸ್ ಹಾರ್ನೆಲ್ ಸಾಹೇಬರು.

ಹುಟ್ಟಿದ್ದು 1865ರಲ್ಲಿ. ಜರ್ಸಿ ದ್ವೀಪದಲ್ಲಿ ಕಡಲ ಜೀವಿಗಳನ್ನು ಗಾಜಿನ ಪಟ್ಟಿಗೆ ಅಂಟಿಸಿ ಸೂಕ್ಷ್ಮದರ್ಶಕ ಇಟ್ಟವರಿಗೆ ಮಾರುತ್ತಿದ್ದರು. ಒಂದು ಲೆಕ್ಕಕ್ಕೆ ವ್ಯಾಪಾರಸ್ಥರೇ. 1902ರಲ್ಲಿ ಪ್ರೊಫೆಸರ್ ಹರ್ಡ್‌ಮನ್ ಜೊತೆ ಸಿಂಹಳಕ್ಕೆ ಬಂದರು. ಮನ್ನಾರ್ ಕೊಲ್ಲಿಯಲ್ಲಿ ಹತ್ತು ವರ್ಷದಿಂದ ಮುತ್ತಿನ ಬೇಟೆ ನಿಂತುಹೋಗಿತ್ತು. ಕಾರಣ ಹುಡುಕಬೇಕಿತ್ತು. ಪ್ರೊಫೆಸರು ಕೆಲವೇ ತಿಂಗಳಲ್ಲಿ ವಾಪಸ್ಸು, ಹಾರ್ನೆಲ್ ಉಳಿದರು.

ಚಿಪ್ಪು ಕೊಯ್ದು ನೋಡಿದರೆ ಒಳಗೆ ಲಾಡಿಹುಳುವಿನ ಮರಿಗಳು! ಈ ಚಿಪ್ಪನ್ನು ತೊರಕೆ ಮೀನು ತಿಂದರೆ ಹುಳು ಅದರ ಹೊಟ್ಟೆಯಲ್ಲಿ ಬೆಳೆಯುತ್ತೆ, ಮೊಟ್ಟೆ ಮತ್ತೆ ನೀರಿಗೆ. ಚಿಪ್ಪಿನೊಳಗೇ ಸತ್ತ ಮರಿಗೆ ಸುತ್ತ ಕಟ್ಟಿದ ಗೋರಿಯೇ ಮುತ್ತು ಅಂತ ಸಾಹೇಬರ ಲೆಕ್ಕ. ಇಂಗ್ಲೆಂಡ್, ಫ್ರಾನ್ಸ್ ಕರಾವಳಿಯ ಚಿಪ್ಪಿನಲ್ಲಿ ಬೇರೆಯವರಿಗೆ ಸಿಕ್ಕಿದ್ದು ಬೇರೆ ಜಾತಿ ಹುಳು. ಊರಿಗೊಂದು ಕಡಲು, ಕಡಲಿಗೊಂದು ಹುಳು.

1905ರ ಬೇಟೆಯಲ್ಲಿ 8 ಕೋಟಿಗೂ ಮೀರಿ ಚಿಪ್ಪು ಬಂತು. ಸರ್ಕಾರದ ಪಾಲೇ ಸುಮಾರು 25 ಲಕ್ಷ ರೂಪಾಯಿ. ಲಂಡನ್ನಿನವರಿಗೆ ಆಸೆ ಹುಟ್ಟಿತು. 1906ರಲ್ಲಿ ಕಂಪನಿ ಕಟ್ಟಿ 20 ವರ್ಷಕ್ಕೆ ಗುತ್ತಿಗೆ ಹಿಡಿದರು. ಆಮೇಲೆ? 1907 ಆದ ಮೇಲೆ ಚಿಪ್ಪೇ ಇಲ್ಲ. ಷೇರು ಕೊಂಡವರ ದುಡ್ಡು ನೀರಿಗೆ. ವಿಜ್ಞಾನ ಚಿಪ್ಪಿನ ಹೊಟ್ಟೆ ತೋರಿಸಿತು ನಿಜ, ನಾಳಿನ ಫಸಲು ತೋರಿಸಲಿಲ್ಲ.

ಹುಳುವಿನ ಲೆಕ್ಕಕ್ಕೂ ಪೆಟ್ಟು ಬಿತ್ತು. 1912ರಲ್ಲಿ ಜೇಮ್ಸನ್ ಎಂಬುವರು ಸಿಂಹಳದ ಮುತ್ತನ್ನೇ ಪರೀಕ್ಷಿಸಿ ಸಾಹೇಬರ ಮಾತನ್ನು ಅಲ್ಲಗಳೆದರು. ಚಿಪ್ಪಿನ ಮೈಪದರದ ಚೂರೊಂದನ್ನು ಒಳಗಿಟ್ಟರೆ ಹುಳುವಿಲ್ಲದೆಯೂ ಮುತ್ತಾಗುತ್ತೆ ಅಂತ ಜಪಾನಿನವರು ಮಾಡಿಯೇ ತೋರಿಸಿದರು. 1973ರಲ್ಲಿ ತೂತ್ತುಕುಡಿಯಲ್ಲೂ ಅದೇ ಆಯಿತು. ಲಾಡಿಹುಳು ಚಿಪ್ಪಿನಲ್ಲಿರೋದು ಸುಳ್ಳಲ್ಲ. ಎಲ್ಲ ಮುತ್ತಿಗೂ ಅದೇ ಕಾರಣ ಅನ್ನೋದು ನಿಲ್ಲಲಿಲ್ಲ.

ಸಾಹೇಬರು ಅಷ್ಟರಲ್ಲಿ ಮದರಾಸು ಮೀನುಗಾರಿಕೆ ಇಲಾಖೆ ಸೇರಿದ್ದರು. ಆಗ ಮಂಗಳೂರೂ ಮದರಾಸಿನದೇ. 1918ರಿಂದ 1924ರವರೆಗೆ ಡೈರೆಕ್ಟರು. ಶಂಖದ ಮೇಲೆ 1914ರಲ್ಲಿ ಪುಸ್ತಕವನ್ನೇ ಬರೆದರು. ದಾಸಯ್ಯನ ಕೈಯ ಶಂಖ ಕೂಡ ಬಂದದ್ದು ಆ ಕಡಲಿಂದಲೇ ತಾನೆ! ನಿವೃತ್ತಿಯಾದ ಮೇಲೆ ದೋಣಿಗಳ ಹುಚ್ಚು ಇನ್ನೂ ಹೆಚ್ಚಿತು. ದಕ್ಷಿಣದ ಹರಿಗೋಲನ್ನೂ ಬಿಡಲಿಲ್ಲ. 1949ರಲ್ಲಿ ತೀರಿಕೊಂಡರು.