ಯುದ್ಧವನ್ನು ತಡೆಯಹೊರಟ ಜೋರೆಸರು

1914ರ ಜುಲೈ 31ರ ರಾತ್ರಿ ಪ್ಯಾರಿಸಿನ ಹೊಟೇಲೊಂದರಲ್ಲಿ ತೆರೆದ ಕಿಟಕಿಗೆ ಬೆನ್ನುಮಾಡಿ ಊಟಕ್ಕೆ ಕುಳಿತಿದ್ದ ಜಾಂ ಜೋರೆಸರನ್ನು ವಿಲೆಂ ಎಂಬ ಯುವಕನು ಹೊರಗಿನಿಂದಲೇ ಗುಂಡಿಕ್ಕಿ ಕೊಂದನು. ಗಿರಾಕಿಗಳು ಕೇಳಿ ಪಡೆಯುವ ಮೇಜು ಕಿಟಕಿಯ ಬಳಿಯದೇ ಎಂಬುದನ್ನು, ವರ್ಷಗಟ್ಟಲೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನಾವು ಬಲ್ಲೆವು. ಆ ಸಂಜೆಯೂ ಅವರು ವಿದೇಶಾಂಗ ಕಚೇರಿಗೆ ಹೋಗಿ, ಯುದ್ಧವನ್ನು ತಪ್ಪಿಸಿರೆಂದು ಒತ್ತಾಯಿಸಿ ಬಂದಿದ್ದರು.

1859ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಜನಿಸಿದ ಜೋರೆಸರು ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದರು. 1892ರಲ್ಲಿ ಕಾರ್ಮೋ ಗಣಿ ಕಾರ್ಮಿಕರ ಮುಷ್ಕರವನ್ನು ಬೆಂಬಲಿಸಿ, ಮರುವರ್ಷ ಅಲ್ಲಿಂದಲೇ ಪಾರ್ಲಿಮೆಂಟಿಗೆ ಆರಿಸಿಬಂದರು. 1904ರಲ್ಲಿ ‘ಲ್ಯುಮಾನಿತೆ’ ದಿನಪತ್ರಿಕೆಯನ್ನು ಸ್ಥಾಪಿಸಿದರು.

ಅವರನ್ನು ದೇಶದ್ರೋಹಿಯೆಂದು ಜರೆದವರು ಅನೇಕರು. ಆ ದೂರು ಸಲ್ಲದೆಂದೇ ನಮ್ಮ ಅಭಿಪ್ರಾಯ. ಪರರು ಏರಿಬಂದಲ್ಲಿ ಪ್ರಜೆಗಳೆಲ್ಲರೂ ಆಯುಧ ಹಿಡಿದು ನಾಡನ್ನು ಕಾಯಬೇಕೆಂದು 1911ರ ತಮ್ಮ ‘ನೂತನ ಸೈನ್ಯ’ ಗ್ರಂಥದಲ್ಲಿ ಅವರೇ ವಾದಿಸಿದ್ದರು. ಆದರೆ ಪಂಚಾಯಿತಿಗೆ ಒಪ್ಪದೆ ಯುದ್ಧಕ್ಕಿಳಿಯುವ ಸರಕಾರವು, ತನ್ನದೇ ಆಗಿರಲಿ ಪರರದೇ ಆಗಿರಲಿ, ಆಕ್ರಮಣಕಾರಿಯೇ ಎಂಬುದು ಅವರ ನಿಲುವು. 1913ರಲ್ಲಿ ಸೈನಿಕ ಸೇವೆಯನ್ನು ಎರಡು ವರ್ಷಗಳಿಂದ ಮೂರಕ್ಕೇರಿಸುವ ಮಸೂದೆಯನ್ನು ಎದುರಿಸಿ ಸೋತರು.

ಆಗಸ್ಟ್ 3ರಂದು ಜರ್ಮನಿಯು ಯುದ್ಧ ಸಾರಿತು. 4ರಂದು ಅವರ ಅಂತ್ಯಕ್ರಿಯೆ. ಅದೇ ದಿನ ಅವರ ಪಕ್ಷದವರೂ ಯುದ್ಧದ ವೆಚ್ಚಕ್ಕೆ ಮತವಿತ್ತರು. ಬದುಕಿದ್ದರೆ ಅವರೂ ಹಾಗೆಯೇ ಮಾಡುತ್ತಿದ್ದರೋ ಏನೋ. ಅವರ ಗ್ರಂಥವನ್ನು ನೆನೆದರೆ ಅಲ್ಲವೆನ್ನಲು ನಮಗೆ ಧೈರ್ಯವಿಲ್ಲ.

1919ರಲ್ಲಿ ನ್ಯಾಯಾಲಯವು ಕೊಲೆಗಾರನನ್ನು ಬಿಡುಗಡೆಮಾಡಿ, ಖಟ್ಲೆಯ ಖರ್ಚನ್ನು ಜೋರೆಸರ ವಿಧವೆಯ ಮೇಲೆ ಹೊರಿಸಿತು. ಆಕೆಯ ಮಗ ಲೂಯಿ ಅದರ ಹಿಂದಿನ ವರ್ಷವೇ ರಣರಂಗದಲ್ಲಿ ಮಡಿದಿದ್ದನು.