ಬರಗಾಲ ಕಲಿಸಿದ ಸಹಕಾರ: ಮಹನೀಯ ರೈಫೈಸನ್

ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಹಳ್ಳಿ ಸಂಘಗಳಿಗೆ ದಾರಿ ಹಾಕಿಕೊಟ್ಟ ಮಹನೀಯರೊಬ್ಬರನ್ನು ನೆನೆಯುವುದು ನಮ್ಮ ಕರ್ತವ್ಯ. ಅವರೇ ಜರ್ಮನಿಯ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್.

ಇವರು ಹುಟ್ಟಿದ್ದು 1818ರ ಮಾರ್ಚ್ 30ರಂದು. ಸೈನ್ಯಕ್ಕೆ ಸೇರಿದ್ದರು, ಕಣ್ಣಿನ ಬೇನೆಯಿಂದ ಬಿಡಬೇಕಾಯಿತು. 1845ರಲ್ಲಿ ಗುಡ್ಡಗಾಡಿನ ವೆಯರ್‌ಬುಶ್ ಎಂಬಲ್ಲಿ ಊರಾಡಳಿತದ ಮುಖ್ಯಸ್ಥರಾದರು. ಮರುವರ್ಷವೇ ಬೆಳೆ ಕೈಕೊಟ್ಟಿತು. ಆಲೂಗಡ್ಡೆ ಕೊಳೆಯಿತು, ಕಾಳುಕಡಿ ಮನೆ ಸೇರಲಿಲ್ಲ. 1846-47ರ ಚಳಿಗಾಲದಲ್ಲಿ ಬಡವರು ಹೊಟ್ಟೆಗಿಲ್ಲದೆ ಕಂಗೆಟ್ಟರು. ಸರ್ಕಾರದ ಹಿಟ್ಟು ಬಂತು, ಆದರೆ ರೊಕ್ಕ ಕೊಟ್ಟವರಿಗೆ ಮಾತ್ರ ಎಂಬ ಆಜ್ಞೆ. ರೈಫೈಸನ್‌ರು ಆಜ್ಞೆಯನ್ನು ಬದಿಗಿಟ್ಟು ಬಡವರಿಗೆ ಕಡ ಕೊಟ್ಟರು. ಅನುಕೂಲಸ್ಥರಿಂದ ಹಣ ಕೂಡಿಸಿ, ಧಾನ್ಯ ತರಿಸಿ, ಊರೊಟ್ಟಿನ ಒಲೆ ಕಟ್ಟಿಸಿ ಅಗ್ಗದ ದರದಲ್ಲಿ ರೊಟ್ಟಿ ಹಂಚಿದರು.

ಹಸಿವು ನೀಗಿತು, ಸಾಲ ಉಳಿಯಿತು. ಬೆಳೆ ಹೋದ ರೈತ ಬಡ್ಡಿಯವನ ಬಾಗಿಲಿಗೆ ಹೋದರೆ ಮೊದಲು ದನ, ಆಮೇಲೆ ಹೊಲ ಹೋಗೋದು. ಅದಕ್ಕಾಗಿ 1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ಸಂಘ ಕಟ್ಟಿ, ರೈತರಿಗೆ ಕಂತಿನ ಮೇಲೆ ದನ ಕೊಡಿಸಿದರು. ಇದೂ ಉಳ್ಳವರ ದಯೆಯ ಮೇಲೆ ನಿಂತ ಸಂಘವೇ. ಇಂಥ ದಯೆ ಬಹುಕಾಲ ಬಾಳದು ಎಂಬುದು ಅವರಿಗೆ ಅನುಭವದಿಂದ ತಿಳಿಯಿತು.

1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಹೊಸ ಸಾಲಸಂಘ ಆರಂಭಿಸಿದರು. ಸಾಲ ಬೇಕಾದವರು ಸದಸ್ಯರಾಗಲೇಬೇಕು. ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ. ಒಬ್ಬರನ್ನೊಬ್ಬರು ಬಲ್ಲಷ್ಟೇ ಸಂಘದ ವ್ಯಾಪ್ತಿ. ಲಾಭವನ್ನು ಹಂಚಿ ಮುಗಿಸದೆ ಕಾಯ್ದಿಟ್ಟ ನಿಧಿಗೆ ಸೇರಿಸಬೇಕು. ಇವು ಅವರು ಬೆಳೆಸಿದ ನಿಯಮಗಳು.

ಆದರೆ ಬರ ಬಂದರೆ ಇಡೀ ಊರಿಗೇ ಬರುತ್ತೆ. ಆಗ ಯಾರು ಯಾರಿಗೆ ಹೊಣೆ? 1872ರಲ್ಲಿ ನಾಯ್‌ವೀಡ್‌ನಲ್ಲಿ ಅವರು ಸ್ಥಾಪಿಸಿದ ಕೇಂದ್ರ ಬ್ಯಾಂಕಿನಲ್ಲಿ ಇದಕ್ಕೂ ಉತ್ತರವಿತ್ತು. ಹಣ ಮಿಕ್ಕ ಊರಿನಿಂದ ಕೊರತೆಯ ಊರಿಗೆ ಹಣ ಹರಿಯುವ ದಾರಿ ಅದು. ಕಣ್ಣು ಮಂಜಾದರೂ ಮಗಳು ಅಮಾಲಿಯ ನೆರವಿನಿಂದ ಬರವಣಿಗೆ ನಡೆಸಿ, 1888ರ ಮಾರ್ಚ್ 11ರಂದು ತೀರಿಕೊಂಡರು.

ಅವರ ಮಾದರಿಯನ್ನು ಅಭ್ಯಾಸ ಮಾಡಿ ನಿಕಲ್ಸನ್ ಸಾಹೇಬರು ಮದ್ರಾಸ್ ಸರ್ಕಾರಕ್ಕೆ ವರದಿ ಕೊಟ್ಟರು. 1904ರಲ್ಲಿ ಕಾಯಿದೆ ಬಂತು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಅದೂ ಮಳೆ ನಂಬಿದ ಸೀಮೆಯೇ.

ಮಳೆ ತರಿಸೋದು ಯಾವ ಸಂಘದ ಕೈಲೂ ಇಲ್ಲ. ಇಂದು ಬೆಳೆ ವಿಮೆ ಇದೆ, ಹವಾಮಾನ ಮುನ್ಸೂಚನೆ ಇದೆ; ಆದರೂ ಮಳೆ ಹಿಂದಿನಂತಿಲ್ಲ. ಬೆಳೆ ಹೋದ ವರ್ಷ ಹೊಲ ಹೋಗದಂತೆ ತಡೆಯೋದು ಮಾತ್ರ ನಮ್ಮ ಕೈಯಲ್ಲಿದೆ. ಬೆಳೆದ ವರ್ಷ ಸಾಲ ತೀರಿಸಿ, ಕಾಯ್ದಿಟ್ಟ ನಿಧಿಗೆ ಕೈಹಾಕದೆ ನಡೆದರೆ ಅದೇ ನಾವು ಆ ಹಿರಿಯರಿಗೆ ಸಲ್ಲಿಸುವ ಗೌರವ.