ಇಮ್ಮಡಿ ಪುಲಿಕೇಶಿ: ನರ್ಮದೆಯಿಂದ ಕಾಂಚಿಯವರೆಗೆ



ಕನ್ನಡ ನಾಡನ್ನಾಳಿದ ಅರಸರಲ್ಲಿ ಇಮ್ಮಡಿ ಪುಲಿಕೇಶಿಯ ಹೆಸರನ್ನು ಕೇಳದವರು ವಿರಳ. ನಿಮ್ಮ ತಂದೆ ತಾಯಿಯರಿಗೆ ಶಾಲೆಯಲ್ಲಿ ಓದಿದ ಇತಿಹಾಸವೆಲ್ಲ ಮರೆತುಹೋಗಿದ್ದರೂ, ಅವನು ನರ್ಮದಾ ನದಿಯ ದಡದಲ್ಲಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ್ದು ಮಾತ್ರ ನೆನಪಿರುತ್ತದೆ. 1967ರಲ್ಲಿ ಡಾ. ರಾಜ್‌ಕುಮಾರ್ ಅಭಿನಯದ ಚಿತ್ರ ಬಂದ ಮೇಲಂತೂ ಅವನು ಮನೆಮಾತಾದ. ಆದರೆ ಸಾಂಟಾ ಕ್ಲಾರಾದ ನಮ್ಮ ಶಾಲೆಯಲ್ಲಿ ತಮಿಳು ಕಲಿಯುವ ಮಕ್ಕಳನ್ನು ಕೇಳಿ ನೋಡಿ. ಅವರಿಗೆ ಗೊತ್ತಿರುವುದು ಪುಲಿಕೇಶಿಯನ್ನು ಸೋಲಿಸಿ ಅವನ ರಾಜಧಾನಿ ವಾತಾಪಿಯನ್ನು ಗೆದ್ದ ಪಲ್ಲವ ನರಸಿಂಹವರ್ಮನ ಕಥೆ. ಎರಡೂ ನಿಜ. ಎರಡನ್ನೂ ಸೇರಿಸಿ ಓದಿದರೆ ಮಾತ್ರ ಪುಲಿಕೇಶಿಯ ಜೀವನ ಪೂರ್ತಿಯಾಗುತ್ತದೆ.

ವಾತಾಪಿ ಎಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿ. ಕೆಂಪು ಮರಳುಗಲ್ಲಿನ ಬೆಟ್ಟಗಳ ನಡುವೆ ಇರುವ ಈ ಊರಿನಲ್ಲಿ 543ರಲ್ಲಿ ಕೋಟೆ ಕಟ್ಟಿಸಿದವನು ಮೊದಲನೆಯ ಪುಲಿಕೇಶಿ. ಅವನ ಮೊಮ್ಮಗನೇ ನಮ್ಮ ಕಥಾನಾಯಕ. ತಂದೆ ಕೀರ್ತಿವರ್ಮ ತೀರಿಕೊಂಡಾಗ ಹುಡುಗ ಇನ್ನೂ ಚಿಕ್ಕವನು. ಆದ್ದರಿಂದ ಚಿಕ್ಕಪ್ಪ ಮಂಗಳೇಶ ರಾಜ್ಯಭಾರ ವಹಿಸಿಕೊಂಡ. ಅಲ್ಲಿಯವರೆಗೆ ಎಲ್ಲವೂ ಸರಿಯೇ. ಆದರೆ ಹುಡುಗ ಬೆಳೆದು ದೊಡ್ಡವನಾದ ಮೇಲೆ ಮಂಗಳೇಶ ತನ್ನ ಮಗನಿಗೇ ಪಟ್ಟ ಕಟ್ಟಲು ಹೊರಟ. ರಾಜಧಾನಿಯಿಂದ ಹೊರಬಿದ್ದ ಪುಲಿಕೇಶಿ ಸೈನ್ಯ ಕೂಡಿಸಿ ಚಿಕ್ಕಪ್ಪನ ಮೇಲೆ ಯುದ್ಧ ಮಾಡಿದ. ಮಂಗಳೇಶ ಆ ಯುದ್ಧದಲ್ಲಿ ಸತ್ತ. ಸುಮಾರು 610ರಲ್ಲಿ ಪುಲಿಕೇಶಿ ಸಿಂಹಾಸನವೇರಿದ.

ಮನೆಯೊಳಗಿನ ಜಗಳ ಕಂಡರೆ ನೆರೆಹೊರೆಯವರು ಸುಮ್ಮನಿರುತ್ತಾರೆಯೇ? ಅಪ್ಪಾಯಿಕ ಮತ್ತು ಗೋವಿಂದ ಎಂಬಿಬ್ಬರು ಭೀಮಾ ನದಿಯ ಉತ್ತರದಿಂದ ದಂಡೆತ್ತಿ ಬಂದರು. ಪುಲಿಕೇಶಿ ಒಬ್ಬನನ್ನು ಓಡಿಸಿದ, ಇನ್ನೊಬ್ಬನನ್ನು ಸ್ನೇಹಿತನನ್ನಾಗಿ ಮಾಡಿಕೊಂಡ. ಬರೀ ಕತ್ತಿಯನ್ನೇ ನಂಬಿದ ಅರಸನಲ್ಲ ಅವನು ಎಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಮುಂದಿನದು ಒಂದರ ಹಿಂದೊಂದು ಜಯ. ಬನವಾಸಿಯ ಕದಂಬರು ಸೋತರು. ಗಂಗರೂ ಆಳುಪರೂ ಅಧೀನರಾದರು. ಕೊಂಕಣದ ಮೌರ್ಯರ ಪುರಿ ಎಂಬ ಪಟ್ಟಣವನ್ನು ನೂರಾರು ಹಡಗುಗಳಲ್ಲಿ ಹೋಗಿ ಮುತ್ತಿದ. ಕನ್ನಡದ ಅರಸನೊಬ್ಬನಿಗೆ ಹಡಗುಪಡೆ ಇತ್ತೆಂದರೆ ನನ್ನ ತರಗತಿಯ ಮಕ್ಕಳು ಬೆರಗಾಗುತ್ತಾರೆ! ಉತ್ತರದಲ್ಲಿ ಲಾಟ, ಮಾಳವ, ಗುರ್ಜರರು ತಲೆಬಾಗಿದ ಮೇಲೆ, ಕನೌಜಿನ ಹರ್ಷವರ್ಧನ ದೊಡ್ಡ ಆನೆಪಡೆಯೊಂದಿಗೆ ದಕ್ಷಿಣಕ್ಕೆ ಬಂದ. ನರ್ಮದೆಯನ್ನು ದಾಟಿ ಬರಲು ಅವನಿಂದ ಆಗಲಿಲ್ಲ. ಇದು ನಡೆದದ್ದು ಸುಮಾರು 618ರಲ್ಲಿ. ಪುಲಿಕೇಶಿ ಪರಮೇಶ್ವರ ಎಂಬ ಬಿರುದು ಧರಿಸಿದ. ನಂತರ ಪೂರ್ವಕ್ಕೆ ತಿರುಗಿ ಕಳಿಂಗ, ಪಿಷ್ಟಪುರ, ಕೊಲ್ಲೇರು ಸರೋವರದ ಪ್ರದೇಶಗಳನ್ನು ಗೆದ್ದು, ತಮ್ಮ ಕುಬ್ಜ ವಿಷ್ಣುವರ್ಧನನನ್ನು ವೆಂಗಿಯಲ್ಲಿ ನೆಲೆಗೊಳಿಸಿದ. ಆ ತಮ್ಮನ ವಂಶವೇ ಪೂರ್ವ ಚಾಲುಕ್ಯರು. ಹನ್ನೊಂದನೆಯ ಶತಮಾನದಲ್ಲಿ ನನ್ನಯ್ಯನಿಂದ ತೆಲುಗು ಮಹಾಭಾರತ ಬರೆಯಿಸಿದ ರಾಜರಾಜ ನರೇಂದ್ರ ಇದೇ ಮನೆತನದವನು. ತೆಲುಗು ತರಗತಿಯ ಮಕ್ಕಳೂ ಇದನ್ನು ಗಮನಿಸಬೇಕು.

ಇಲ್ಲಿನ ಶಾಲೆಗಳಲ್ಲಿ ಆರನೆಯ ತರಗತಿಗೆ ರೋಮ್ ಇತಿಹಾಸದ ಪಾಠವಿದೆಯಲ್ಲ, ಅದರ ಮುಂದುವರಿದ ಪೂರ್ವ ರೋಮ್ ಸಾಮ್ರಾಜ್ಯ ಆಗ ನೆರೆಯ ಪರ್ಷಿಯಾದೊಡನೆ ಹೋರಾಡುತ್ತಿತ್ತು. 602ರಲ್ಲಿ ಆರಂಭವಾದ ಆ ಯುದ್ಧ ಮುಗಿದದ್ದು 628ರಲ್ಲಿ. ಆ ಪರ್ಷಿಯಾದ ದೊರೆ ಎರಡನೆಯ ಖುಸ್ರುವಿಗೂ ಪುಲಿಕೇಶಿಗೂ ಪತ್ರ, ಕಾಣಿಕೆಗಳ ವ್ಯವಹಾರವಿತ್ತೆಂದು ಇತಿಹಾಸಕಾರ ತಬರಿ ಬರೆದಿದ್ದಾನೆ.

ಪಲ್ಲವರ ವಿಷಯಕ್ಕೆ ಬರೋಣ. ಕಾಂಚಿಯಲ್ಲಿ ಆಗ ಆಳುತ್ತಿದ್ದವನು ಮಹೇಂದ್ರವರ್ಮ. ಗುಹಾಲಯಗಳನ್ನು ಕೊರೆಸಿದವನು, ಮತ್ತವಿಲಾಸ ಎಂಬ ಪ್ರಹಸನ ಬರೆದ ರಸಿಕ. ಪುಲಿಕೇಶಿಯ ಸೇನೆ ಕಾಂಚಿಯ ಬಾಗಿಲವರೆಗೂ ಹೋಯಿತು. ಮಹೇಂದ್ರ ಕೋಟೆಯ ಒಳಗೆ ಉಳಿದ ಎಂದು ಐಹೊಳೆಯ ಶಾಸನ ಹೇಳುತ್ತದೆ. ಪುಲ್ಲಲೂರಿನಲ್ಲಿ ತಮ್ಮವನು ಶತ್ರುಗಳನ್ನು ಧ್ವಂಸ ಮಾಡಿದ ಎಂದು ಪಲ್ಲವರ ತಾಮ್ರಪಟ ಹೇಳುತ್ತದೆ. ಎರಡು ಮನೆಯವರೂ ತಮ್ಮ ಗೆಲುವನ್ನೇ ಬರೆಸಿಟ್ಟರು. ಕೋಟೆ ಪಲ್ಲವರ ಕೈ ತಪ್ಪಲಿಲ್ಲ, ಆದರೆ ಉತ್ತರದ ಸೀಮೆಗಳು ತಪ್ಪಿದವು ಎಂದು ತಿಳಿದರೆ ಸರಿಹೋಗುತ್ತದೆ.

ಐಹೊಳೆಯ ಶಾಸನವನ್ನು ರಚಿಸಿದವನು ಜೈನ ಕವಿ ರವಿಕೀರ್ತಿ. ತಾನೇ ಕಟ್ಟಿಸಿದ ಮೇಗುಟಿ ಬಸದಿಯ ಗೋಡೆಯ ಮೇಲೆ 634ರಲ್ಲಿ ಇದನ್ನು ಕೆತ್ತಿಸಿದ. ಭಾಷೆ ಸಂಸ್ಕೃತ, ಲಿಪಿ ಹಳೆಗನ್ನಡದ್ದು. ಕಾಳಿದಾಸ, ಭಾರವಿಯರ ಹೆಸರು ಅದರಲ್ಲಿರುವುದರಿಂದ ಆ ಕವಿಗಳ ಕಾಲ ನಿರ್ಣಯಿಸುವುದಕ್ಕೂ ಅದೇ ಆಧಾರ. ನಾವು ಹೇಳುವ ಪುಲಿಕೇಶಿಯ ಕಥೆ ಬಹುಮಟ್ಟಿಗೆ ರವಿಕೀರ್ತಿಯದು. ಅವನ ಲೇಖನಿ ನಿಂತಲ್ಲಿ ನಮ್ಮ ಪಾಠಪುಸ್ತಕಗಳೂ ನಿಂತುಬಿಡುತ್ತವೆ. ರಾಜನಾದರೋ ಇನ್ನೂ ಎಂಟು ವರ್ಷ ಬದುಕಿದ್ದ.

ಮಹೇಂದ್ರನ ನಂತರ 630ರಲ್ಲಿ ಪಟ್ಟಕ್ಕೆ ಬಂದವನು ಮಗ ನರಸಿಂಹವರ್ಮ. ಮಾಮಲ್ಲಪುರಕ್ಕೆ ಹೆಸರು ಕೊಟ್ಟ ಮಾಮಲ್ಲ ಇವನೇ. ಪುಲಿಕೇಶಿ ಮತ್ತೊಮ್ಮೆ ಕಾಂಚಿಯ ಮೇಲೆ ಸೇನೆ ನಡೆಸಿದ. ಈ ಸಲ ಪರಿಯಾಲ, ಮಣಿಮಂಗಲ, ಶೂರಮಾರಗಳಲ್ಲಿ ಸೋಲಾಯಿತು. ಮಣಿಮಂಗಲ ಕಾಂಚಿಗೆ ದೂರವೇನಲ್ಲ. ಊರಿನಿಂದ ಅಷ್ಟು ದೂರ ಹೋದ ಸೈನ್ಯಕ್ಕೆ ಸೋತು ಹಿಂದಿರುಗುವ ದಾರಿ ಎಷ್ಟು ಉದ್ದವಾಗಿ ಕಂಡಿತೋ!

641ರ ಸುಮಾರಿಗೆ ಚೀನಾದ ಯಾತ್ರಿಕ ಹುಯೆನ್ ತ್ಸಾಂಗ್ ಈ ರಾಜ್ಯಕ್ಕೆ ಬಂದಾಗ ಪುಲಿಕೇಶಿಯ ಹೆಸರಿಗೆ ಇನ್ನೂ ಕುಂದಿರಲಿಲ್ಲ. ಇಲ್ಲಿಯ ಜನ ಉಪಕಾರ ಮರೆಯದವರು, ಅವಮಾನವನ್ನೂ ಮರೆಯದವರು ಎಂದು ಯಾತ್ರಿಕ ಬರೆದುಕೊಂಡ. ಯುದ್ಧಕ್ಕೆ ಮುನ್ನ ಆನೆಗಳಿಗೂ ಮದ್ಯ ಕುಡಿಸುತ್ತಿದ್ದರಂತೆ.

ಮರುವರ್ಷವೇ, ಅಂದರೆ 642ರಲ್ಲಿ, ಪಲ್ಲವ ಸೇನೆ ಬಾದಾಮಿಗೆ ಬಂತು. ದಂಡನಾಯಕ ಪರಂಜ್ಯೋತಿ. ಮುಂದೆ ಅರವತ್ತಮೂವರು ನಾಯನಾರರಲ್ಲಿ ಒಬ್ಬನಾಗಿ ತಮಿಳರು ಪೂಜಿಸುವ ಶಿರುತ್ತೊಂಡರ್ ಇವನೇ. ಕೋಟೆ ಬಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದ ಪುಲಿಕೇಶಿ ಆ ಯುದ್ಧದಲ್ಲೇ ಮಡಿದನೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ನರಸಿಂಹವರ್ಮ ವಾತಾಪಿಕೊಂಡ ಎನಿಸಿಕೊಂಡು, ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನ ಕೆತ್ತಿಸಿದ. ನಮ್ಮ ಬೇ ಏರಿಯಾದ ಸಂಗೀತ ತರಗತಿಗಳಲ್ಲಿ ಮಕ್ಕಳು ಹಾಡುವ ದೀಕ್ಷಿತರ ಕೃತಿಯ ವಾತಾಪಿ ಗಣಪತಿಯನ್ನು ಪರಂಜ್ಯೋತಿ ಇಲ್ಲಿಂದಲೇ ಕೊಂಡೊಯ್ದನೆಂಬ ಪ್ರತೀತಿಯಿದೆ.

ಹದಿಮೂರು ವರ್ಷ ಚಾಲುಕ್ಯರಿಗೆ ರಾಜಧಾನಿ ಇಲ್ಲದಂತಾಯಿತು. 655ರಲ್ಲಿ ಪುಲಿಕೇಶಿಯ ಮಗ ಮೊದಲನೆಯ ವಿಕ್ರಮಾದಿತ್ಯ ಬಾದಾಮಿಯನ್ನು ಮರಳಿ ಪಡೆದ. ಆ ವಂಶದ ಎರಡನೆಯ ವಿಕ್ರಮಾದಿತ್ಯ ಎಂಟನೆಯ ಶತಮಾನದಲ್ಲಿ ಕಾಂಚಿಯನ್ನು ಗೆದ್ದ. ಆದರೆ ಊರನ್ನು ಸುಲಿಯಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟು, ಆ ಸಂಗತಿಯನ್ನು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ರಜೆಯಲ್ಲಿ ಕಾಂಚೀಪುರಕ್ಕೆ ಹೋಗುವವರು ಆ ಶಾಸನವನ್ನು ಇಂದಿಗೂ ನೋಡಬಹುದು.